ಬೇಸ್ ಗಿಟಾರ್ ಕೆಳಗಿಟ್ಟು ಲೇಬಲ್ ಶುರು ಮಾಡಬೇಕೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಹತ್ತು ವರ್ಷಗಳಿಂದ ಒಂದು ಕನ್ನಡ ರಾಕ್ ಬ್ಯಾಂಡ್‌ನಲ್ಲಿ ಬೇಸ್ ನುಡಿಸುತ್ತಿದ್ದೇನೆ. ಜೊತೆಗೆ ಒಂದು ಕೆಲಸವೂ ಇದೆ. ಈಚೆಗೆ ಶೋಗಳು ಕಡಿಮೆಯಾಗಿವೆ. ನಮ್ಮ ಗಾಯಕರು ಬೆಂಗಳೂರಿಗೆ ಹೋಗಿದ್ದಾರೆ. ನಮ್ಮ ಕಡೆಯ ಮೂರು ಹೊಸ ಬ್ಯಾಂಡ್‌ಗಳ ಹಾಡು ಕೇಳಿದ್ದೇನೆ. ತುಂಬಾ ಚೆನ್ನಾಗಿವೆ, ಆದರೆ ರೆಕಾರ್ಡಿಂಗ್ ಎಲ್ಲ ಅವರ ಹಾರ್ಡ್‌ಡಿಸ್ಕ್‌ನಲ್ಲೇ ಉಳಿದಿದೆ. ಅದರಲ್ಲಿ ಒಂದು ಬ್ಯಾಂಡ್ ಪೂರ್ತಿ ಶರೀಫರ ಪದಗಳನ್ನೇ ಹಾಡುತ್ತದೆ. ನನ್ನ ಹತ್ತಿರ ಮೂರು ಲಕ್ಷ ರೂಪಾಯಿ ಉಳಿತಾಯ ಇದೆ. ಕೆಲಸ, ಬ್ಯಾಂಡ್ ಎರಡನ್ನೂ ಬಿಟ್ಟು, ಬ್ಯಾಂಡ್‌ಗಳ ಹಾಡು ಹೊರತರುವ ಸ್ವತಂತ್ರ ಲೇಬಲ್ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಬ್ಯಾಂಡ್‌ನವರು ಹೀಗೆ ಮಾಡಿ ಗೆದ್ದದ್ದು ಉಂಟಾ? ಸ್ನೇಹಿತರ ನಡುವೆ ಅಗ್ರಿಮೆಂಟ್ ಬೇಕಾ? ದುಡ್ಡು ಎಲ್ಲಿಂದ ಬರುತ್ತದೆ? ಮೊದಲು ಯಾರ ಆಲ್ಬಂ ತರಲಿ?

ಉತ್ತರ: ಲೇಬಲ್ ಶುರು ಮಾಡಿ. ಕೆಲಸ ಬಿಡಬೇಡಿ. ಬ್ಯಾಂಡನ್ನೂ ಈಗಲೇ ಬಿಡುವ ಅಗತ್ಯ ಇಲ್ಲ.

ಬ್ಯಾಂಡ್‌ಗಳ ಮತ್ತು ಸಣ್ಣ ಲೇಬಲ್‌ಗಳ ರಾಯಲ್ಟಿ ಲೆಕ್ಕ, ಅಗ್ರಿಮೆಂಟ್ ನೋಡುವುದು ನನ್ನ ಕೆಲಸ. ನಿಮ್ಮಂಥ ಪ್ರಶ್ನೆ ಬಂದಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ. ಊರಿನ ಒಳ್ಳೆಯ ಹಾಡುಗಳು ಯಾರಿಗೂ ಕೇಳಿಸದೆ ಹಾರ್ಡ್‌ಡಿಸ್ಕ್‌ನಲ್ಲಿ ಉಳಿದಿವೆ ಎಂದು ನೋವು ಪಡುವವರೇ ಲೇಬಲ್ ನಡೆಸಬೇಕು. ಬ್ಯಾಂಡ್‌ನವರು ಕಟ್ಟಿದ ಲೇಬಲ್‌ಗಳಿಗೆ ಅಭಿರುಚಿಯ ಕೊರತೆ ಇದ್ದದ್ದು ಅಪರೂಪ. ಅವು ಎಡವಿದ್ದು ಹೆಚ್ಚಾಗಿ ಒಂದೇ ಜಾಗದಲ್ಲಿ: ಬೇರೆ ಕಲಾವಿದರಿಗೆ ಸೇರಬೇಕಾದ ದುಡ್ಡಿನ ವಿಷಯದಲ್ಲಿ. ಹಾಗಾಗಿ ಈ ಉತ್ತರದಲ್ಲಿ ಹಾಡಿಗಿಂತ ಲೆಕ್ಕದ ಮಾತೇ ಜಾಸ್ತಿ ಬರುತ್ತದೆ.

ಮೊದಲು ಗೆದ್ದವರ ಕಥೆ. ಇಂಥ ಲೇಬಲ್‌ಗಳನ್ನು ಕಟ್ಟಿದವರಲ್ಲಿ ಬೇಸ್ ನುಡಿಸುವವರು ಬಹಳ ಮಂದಿ ಇದ್ದಾರೆ ಎನ್ನುವುದು ನಿಮಗೆ ಇಷ್ಟವಾಗಬಹುದು. 1980ರಲ್ಲಿ ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಟೀನ್ ಐಡಲ್ಸ್ ಎಂಬ ಹುಡುಗರ ಪಂಕ್ ಬ್ಯಾಂಡ್ ಇತ್ತು. ಅದರಲ್ಲಿ ಬೇಸ್ ನುಡಿಸುತ್ತಿದ್ದವರು ಇಯಾನ್ ಮೆಕೈ, ಡ್ರಮ್ಸ್ ಜೆಫ್ ನೆಲ್ಸನ್. ಶೋಗಳಿಂದ ಬಂದ ದುಡ್ಡನ್ನು ಅವರು ಹಂಚಿಕೊಳ್ಳದೆ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಬ್ಯಾಂಡ್ ಒಡೆಯುವ ಹೊತ್ತಿಗೆ ಅದರಲ್ಲಿ ಸುಮಾರು 600 ಡಾಲರ್ ಇತ್ತು. ಆ ದುಡ್ಡನ್ನು ಪಾಲು ಮಾಡಿಕೊಳ್ಳದೆ ತಮ್ಮ ಎಂಟು ಹಾಡುಗಳ ಒಂದು ಏಳು ಇಂಚಿನ ರೆಕಾರ್ಡನ್ನು 1,000 ಪ್ರತಿ ಒತ್ತಿಸಿದರು. ಅದೇ ಡಿಸ್ಕಾರ್ಡ್ ರೆಕಾರ್ಡ್ಸ್‌ನ ಮೊದಲ ಬಿಡುಗಡೆ. ಗಮನಿಸಿ, ರೆಕಾರ್ಡ್ ಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ!

ಕವರ್ ಮಾಡಿಸಲು ಅವರ ಹತ್ತಿರ ದುಡ್ಡಿರಲಿಲ್ಲ. ಬೇರೆ ರೆಕಾರ್ಡ್ ಒಂದರ ಕವರನ್ನು ಬಿಚ್ಚಿ, ಅದರ ಅಳತೆ ಗುರುತು ಹಾಕಿಕೊಂಡು, ಮುದ್ರಿಸಿದ ಹಾಳೆಗಳನ್ನು ಸ್ನೇಹಿತರೆಲ್ಲ ಕೂತು ಕತ್ತರಿಸಿ ಅಂಟಿಸಿದರು. ಮುಂದೆಯೂ ಸಾವಿರಾರು ಕವರ್‌ಗಳನ್ನು ಹೀಗೇ ಕೈಯಲ್ಲೇ ಮಾಡಿದರು. ಅವರ ಯೋಜನೆ ಬಹಳ ಸರಳ. ಮೊದಲ ರೆಕಾರ್ಡಿನ ದುಡ್ಡು ವಾಪಸ್ ಬಂದರೆ ಸ್ನೇಹಿತರ ಬ್ಯಾಂಡ್‌ನ ರೆಕಾರ್ಡ್ ತರುವುದು, ಅದರ ದುಡ್ಡು ಬಂದರೆ ಇನ್ನೊಂದು. ಮೆಕೈ ಮುಂದೆ ಮೈನರ್ ಥ್ರೆಟ್, ಆಮೇಲೆ ಫ್ಯುಗಾಜಿ ಬ್ಯಾಂಡ್‌ಗಳಲ್ಲಿ ಹಾಡಿದರು. ಲೇಬಲ್‌ಗಾಗಿ ಬ್ಯಾಂಡ್ ಬಿಡಲಿಲ್ಲ, ಬ್ಯಾಂಡ್‌ಗಾಗಿ ಲೇಬಲ್ ಮುಚ್ಚಲಿಲ್ಲ. ಫ್ಯುಗಾಜಿಗೆ ಎಷ್ಟು ಹೆಸರು ಬಂದರೂ ಶೋ ಟಿಕೆಟ್ಟನ್ನು ಸುಮಾರು ಐದು ಡಾಲರ್‌ಗೇ ಇಡಲು ಹಟ ಹಿಡಿದರು.

ಡಿಸ್ಕಾರ್ಡ್ ಹಾಕಿಕೊಂಡ ಒಂದು ಗೆರೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ತಮ್ಮ ಊರಿನ ಬ್ಯಾಂಡ್‌ಗಳ ಸಂಗೀತ ಮಾತ್ರ ತರುವುದು ಎಂದು ಅವರು ನಿರ್ಧರಿಸಿದರು. ಬೇರೆ ಊರಿನ ಒಳ್ಳೆಯ ಬ್ಯಾಂಡ್ ಬಂದು ಕೇಳಿದರೂ ಇಲ್ಲ ಎನ್ನುವುದು ಇದರಿಂದ ಸುಲಭವಾಯಿತು. ಲೇಬಲ್ ಶುರು ಮಾಡಿದ ಮೇಲೆ ನಿಮಗೂ ದಿನಾ ಹಾಡುಗಳು ಬರುತ್ತವೆ, ಪರಿಚಯದವರ ಶಿಫಾರಸು ಬರುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಬ್ಯಾಂಡ್‌ಗಳು ಮಾತ್ರ ಎಂದು ಮೊದಲೇ ಗೆರೆ ಎಳೆದರೆ ಯಾರಿಗೂ ಬೇಸರವಾಗದ ಹಾಗೆ ಬೇಡ ಎನ್ನಬಹುದು. ಕೇಳುಗರಿಗೂ ನಿಮ್ಮ ಲೇಬಲ್ ಏನು ಅಂತ ಬೇಗ ತಿಳಿಯುತ್ತದೆ.

ಎರಡನೆಯದು ಮರ್ಜ್ ರೆಕಾರ್ಡ್ಸ್. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಎಂಬ ಕಾಲೇಜು ಪಟ್ಟಣದಲ್ಲಿ 1989ರಲ್ಲಿ ಶುರುವಾಯಿತು. ಕಟ್ಟಿದವರು ಸೂಪರ್‌ಚಂಕ್ ಬ್ಯಾಂಡ್‌ನ ಮ್ಯಾಕ್ ಮೆಕಾಹನ್ ಮತ್ತು ಲಾರಾ ಬ್ಯಾಲೆನ್ಸ್. ಲಾರಾ ಕೂಡ ಬೇಸ್ ನುಡಿಸುವವರು. ಶುರುವಿನಲ್ಲಿ ಕ್ಯಾಸೆಟ್ ಮತ್ತು ಸಣ್ಣ ಸಿಂಗಲ್‌ಗಳನ್ನು ಮಾತ್ರ ತಂದರು. ತಮ್ಮದೇ ಬ್ಯಾಂಡ್‌ನ ಮೊದಲ ಆಲ್ಬಂಗಳನ್ನು ತಮ್ಮ ಲೇಬಲ್‌ನಲ್ಲಿ ತರಲಿಲ್ಲ, ನ್ಯೂಯಾರ್ಕಿನ ಮೆಟಡಾರ್ ಎಂಬ ಲೇಬಲ್‌ಗೆ ಕೊಟ್ಟರು. ಯಾಕೆಂದರೆ ಪೂರ್ತಿ ಆಲ್ಬಂ ಒಂದನ್ನು ಅಂಗಡಿಗಳಿಗೆ ಮುಟ್ಟಿಸುವ ಶಕ್ತಿ ಮರ್ಜ್‌ಗೆ ಆಗ ಇರಲಿಲ್ಲ. ಮೆಟಡಾರ್ ದೊಡ್ಡ ಕಂಪನಿಯೊಂದರ ಜೊತೆ ಕೈ ಜೋಡಿಸಿದ ಮೇಲೆ ಸೂಪರ್‌ಚಂಕ್ ಹೊರಗೆ ಬಂತು. 1994ರಿಂದ ಸ್ವಂತ ಲೇಬಲ್‌ನಲ್ಲೇ ಆಲ್ಬಂ ತಂದರು. ಆ ಹೊತ್ತಿಗೆ ಲೇಬಲ್‌ಗೆ ಐದು ವರ್ಷದ ಅನುಭವ ಇತ್ತು.

ಮ್ಯಾಕ್ ಮತ್ತು ಲಾರಾ ಒಂದು ಕಾಲದಲ್ಲಿ ಜೋಡಿಯಾಗಿದ್ದವರು. ಆ ಸಂಬಂಧ ಮುರಿದರೂ ಬ್ಯಾಂಡ್ ನಿಲ್ಲಲಿಲ್ಲ, ಲೇಬಲ್ ನಿಲ್ಲಲಿಲ್ಲ. ಮಾಂಟ್ರಿಯಲ್‌ನ ಆರ್ಕೇಡ್ ಫೈರ್ ಬ್ಯಾಂಡ್‌ನ ಮೊದಲ ಆಲ್ಬಂ 2004ರಲ್ಲಿ ಮರ್ಜ್‌ನಿಂದಲೇ ಬಂತು. ಅದೇ ಬ್ಯಾಂಡ್‌ನ ಮೂರನೆಯ ಆಲ್ಬಂ 2010ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಹೋಯಿತು. ಮರು ವರ್ಷ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿಯನ್ನೂ ಗೆದ್ದಿತು. ಕ್ಯಾಸೆಟ್‌ನಿಂದ ಇಲ್ಲಿಗೆ ಬರಲು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನಿಮ್ಮ ಮೂರು ಲಕ್ಷವನ್ನು ಒಂದೇ ವರ್ಷದಲ್ಲಿ ಖರ್ಚು ಮಾಡುವ ಯೋಚನೆ ಇದ್ದರೆ ಈ ಕಥೆಯನ್ನು ನೆನಪಿಡಿ.

ಬ್ಯಾಂಡ್ ಬಿಟ್ಟು ಲೇಬಲ್ ಹಿಡಿದವರೂ ಇದ್ದಾರೆ. ಲಾಸ್ ಏಂಜಲೀಸ್‌ನ ಬ್ಯಾಡ್ ರಿಲಿಜನ್ ಬ್ಯಾಂಡ್‌ನ ಗಿಟಾರಿಸ್ಟ್ ಬ್ರೆಟ್ ಗುರೆವಿಟ್ಜ್ ತಮ್ಮ ಹಾಡುಗಳನ್ನು ತರಲೆಂದೇ ಎಪಿಟಾಫ್ ಶುರು ಮಾಡಿದ್ದರು. 1994ರಲ್ಲಿ ಅವರ ಲೇಬಲ್‌ನಿಂದ ಬಂದ ಆಫ್‌ಸ್ಪ್ರಿಂಗ್ ಬ್ಯಾಂಡ್‌ನ ಆಲ್ಬಂ ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದೇ ವರ್ಷ ಅವರು ಬ್ಯಾಂಡ್ ಬಿಟ್ಟರು. 2001ರಲ್ಲಿ ಮತ್ತೆ ಸೇರಿದರು. ಅಂದರೆ ಲೇಬಲ್ ಅಷ್ಟು ದೊಡ್ಡದಾದ ಮೇಲೆ ಅವರು ಗಿಟಾರ್ ಕೆಳಗಿಟ್ಟರು. ನೀವು ಒಂದೂ ಹಾಡು ಬಿಡುಗಡೆ ಮಾಡುವ ಮೊದಲೇ ಇಡಲು ಹೊರಟಿದ್ದೀರಿ. ಆ ಮೂರು ಹೊಸ ಬ್ಯಾಂಡ್‌ಗಳು ನಿಮ್ಮನ್ನು ಯಾಕೆ ನಂಬುತ್ತವೆ ಎಂದು ಯೋಚಿಸಿ. ನೀವೂ ಅವರ ಹಾಗೇ ಆಂಪ್ಲಿಫೈಯರ್ ಹೊತ್ತು, ರಾತ್ರಿ ಬಸ್ಸಿನಲ್ಲಿ ಓಡಾಡಿ, ಸಂಭಾವನೆಗಾಗಿ ಆಯೋಜಕರ ಹಿಂದೆ ಅಲೆದವರು. ಆ ನಂಬಿಕೆ ಬಂದದ್ದು ಬ್ಯಾಂಡ್‌ನಿಂದ. ಈಗಲೇ ಅದರಿಂದ ಹೊರಗೆ ಬರಬೇಡಿ.

ಇನ್ನು ಅಗ್ರಿಮೆಂಟ್ ವಿಷಯ. ಡಿಸ್ಕಾರ್ಡ್‌ನವರು ಬ್ಯಾಂಡ್‌ಗಳ ಜೊತೆ ಕಾಗದದ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅರ್ಧ, ಬಾಯಿಮಾತು ಅಷ್ಟೇ. ಇದನ್ನು ಓದಿ ಹಲವರು ಬಾಯಿಮಾತೇ ಸಾಕು ಅಂದುಕೊಳ್ಳುತ್ತಾರೆ. ಆದರೆ ಶಿಕಾಗೊದ ಟಚ್ ಅಂಡ್ ಗೋ ಲೇಬಲ್‌ನ ಕಥೆ ನೋಡಿ. ಅದನ್ನು ನಡೆಸಿದವರು ನೆಕ್ರೋಸ್ ಬ್ಯಾಂಡ್‌ನ ಬೇಸ್ ವಾದಕ ಕೋರಿ ರಸ್ಕ್. ಅವರದೂ ಅರ್ಧ ಅರ್ಧದ ಬಾಯಿಮಾತಿನ ಪದ್ಧತಿ. ಎಲ್ಲರೂ ಅವರನ್ನು ನಂಬುತ್ತಿದ್ದರು. ಬಟ್‌ಹೋಲ್ ಸರ್ಫರ್ಸ್ ಎಂಬ ಬ್ಯಾಂಡ್ ದೊಡ್ಡ ಕಂಪನಿಗೆ ಹೋಗಿ ಹೆಸರು ಮಾಡಿದ ಮೇಲೆ ಹಳೆಯ ಆಲ್ಬಂಗಳ ವಿಷಯದಲ್ಲಿ ಜಗಳ ಬಂತು. ಹಕ್ಕು ಎಷ್ಟು ವರ್ಷಕ್ಕೆ ಎಂದು ಯಾರೂ ಬರೆದಿಟ್ಟಿರಲಿಲ್ಲ. ವಿಷಯ ಕೋರ್ಟಿಗೆ ಹೋಗಿ, 1999ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಬ್ಯಾಂಡ್ ಪರವಾಗಿಯೇ ತೀರ್ಪು ಬಂತು. ಲೇಬಲ್ ಆ ಆಲ್ಬಂಗಳನ್ನು ಕಳೆದುಕೊಂಡಿತು. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರೆ ಸ್ನೇಹವೂ ಉಳಿಯುತ್ತಿತ್ತೇನೋ.

ಎಸ್‌ಎಸ್‌ಟಿ ರೆಕಾರ್ಡ್ಸ್‌ನದು ಇದಕ್ಕಿಂತ ನೋವಿನ ಕಥೆ. ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡ್‌ನ ಗಿಟಾರಿಸ್ಟ್ ಗ್ರೆಗ್ ಗಿನ್ ಕಟ್ಟಿದ ಈ ಲೇಬಲ್ 80ರ ದಶಕದಲ್ಲಿ ಅಮೆರಿಕದ ಅತ್ಯುತ್ತಮ ಬ್ಯಾಂಡ್‌ಗಳಲ್ಲಿ ಹಲವನ್ನು ಹೊರತಂದಿತು. ಗಿನ್ ಅವರ ಕಿವಿಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಆದರೆ ರಾಯಲ್ಟಿ ಬಂದಿಲ್ಲ ಎಂದು ದೂರಿ ಸೋನಿಕ್ ಯೂತ್, ಮೀಟ್ ಪಪೆಟ್ಸ್ ಥರದ ಬ್ಯಾಂಡ್‌ಗಳು ತಮ್ಮ ಮಾಸ್ಟರ್‌ಗಳನ್ನು, ಅಂದರೆ ಮೂಲ ರೆಕಾರ್ಡಿಂಗ್‌ಗಳನ್ನು, ವಾಪಸ್ ಪಡೆಯಲು ಕಾನೂನಿನ ಮೊರೆ ಹೋದವು.

ನಮ್ಮ ದೇಶದಲ್ಲಿ ಬಾಯಿಮಾತಿಗೆ ಇನ್ನೂ ಕಡಿಮೆ ಜಾಗ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಇದ್ದರೆ ಅದು ಕೈ ತಪ್ಪುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಇನ್ನೊಂದು ವಿಷಯವೂ ಗಟ್ಟಿಯಾಗಿದೆ. ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಲೇಬಲ್ ಸಹಿ ಹಾಕಿಸಿಕೊಂಡು ತೆಗೆದುಕೊಳ್ಳುವ ಹಾಗಿಲ್ಲ. ಮೂರೂ ಬ್ಯಾಂಡ್‌ಗಳಲ್ಲಿ ಸ್ವಂತ ಹಾಡು ಬರೆಯುವವರಿಗೆ, ರಾಗ ಹಾಕುವವರಿಗೆ ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಸಂಗ್ರಹಿಸಿ ಕೊಡುವ ಸಂಸ್ಥೆ) ಸದಸ್ಯರಾಗಲು ಹೇಳಿ. ಆ ದುಡ್ಡು ನಿಮ್ಮ ಲೇಬಲ್ ಮೂಲಕ ಬರುವುದೇ ಬೇಡ.

ರೆಕಾರ್ಡಿಂಗ್‌ನ ಹಕ್ಕು ಬೇರೆ, ಹಾಡಿನ ಹಕ್ಕು ಬೇರೆ. ರೆಕಾರ್ಡಿಂಗ್ ಮಾಡಿಸಲು ಮುಂದಾಗಿ ಅದರ ಜವಾಬ್ದಾರಿ ಹೊತ್ತವರನ್ನು ಕಾಯ್ದೆ ನಿರ್ಮಾಪಕ ಎನ್ನುತ್ತದೆ. ಆ ಹಾರ್ಡ್‌ಡಿಸ್ಕ್‌ನಲ್ಲಿರುವ ಹಾಡುಗಳನ್ನು ಬ್ಯಾಂಡ್‌ಗಳು ತಾವೇ ಖರ್ಚು ಮಾಡಿ ಮಾಡಿಸಿಕೊಂಡಿದ್ದರೆ ಅವು ಅವರವೇ. ಅವುಗಳ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಲು ಹೋಗಬೇಡಿ. ಐದು ವರ್ಷಕ್ಕೆ ಲೈಸೆನ್ಸ್ ತೆಗೆದುಕೊಳ್ಳಿ. ಮಾಲೀಕತ್ವ ಅವರದೇ ಇರಲಿ, ಹೊರತರುವ ಹಕ್ಕು ಮಾತ್ರ ನಿಮ್ಮದು. ಐದು ವರ್ಷ ಆದ ಮೇಲೆ ಇಬ್ಬರಿಗೂ ಇಷ್ಟವಿದ್ದರೆ ಮುಂದುವರಿಸಿ. ಹಕ್ಕು ವಾಪಸ್ ಬರುವುದು ಬ್ಯಾಂಡ್‌ಗೆ ಎಷ್ಟು ದೊಡ್ಡದು ಅನ್ನುವುದಕ್ಕೆ ಜಾಬಾಕ್ಸ್ ಉದಾಹರಣೆ. ಡಿಸ್ಕಾರ್ಡ್‌ನಿಂದ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಗೆ ಹೋಗಿದ್ದ ಬ್ಯಾಂಡ್ ಅದು. ಅಲ್ಲಿ ಮಾಡಿದ ಆಲ್ಬಂನ ಹಕ್ಕನ್ನು ವಾಪಸ್ ಪಡೆದು 2009ರಲ್ಲಿ ಮತ್ತೆ ಹೊರತಂದಿತು. ತಂದ ಡಿಸೋಟೊ ಲೇಬಲ್ಲನ್ನು ನಡೆಸುತ್ತಿದ್ದವರಲ್ಲಿ ಒಬ್ಬರು ಅದೇ ಬ್ಯಾಂಡ್‌ನ ಬೇಸ್ ವಾದಕಿ ಕಿಮ್ ಕೊಲೆಟ್ಟ.

ಶರೀಫರ ಪದ ಹಾಡುವ ಬ್ಯಾಂಡ್ ಬಗ್ಗೆ ಒಂದು ಎಚ್ಚರಿಕೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳಿಗೆ ಯಾರ ಅನುಮತಿಯೂ ಬೇಡ. ಆದರೆ ನಾವೆಲ್ಲ ಕೇಳಿ ಬೆಳೆದ ಎಷ್ಟೋ ಧಾಟಿಗಳು ಸಿ. ಅಶ್ವಥ್ ಅವರು ಹಾಕಿದವು. ಅಶ್ವಥ್ ತೀರಿಕೊಂಡದ್ದು 2009ರಲ್ಲಿ. ರಾಗ ಹಾಕಿದವರ ಹಕ್ಕು ಅವರ ಮರಣದ ನಂತರ 60 ವರ್ಷ ಇರುತ್ತದೆ, ಅಂದರೆ 2069ರ ಕೊನೆಯವರೆಗೆ. ಹಾಗಾಗಿ ಆ ಹುಡುಗರು ಹಾಡುತ್ತಿರುವುದು ಭಜನಾ ಮೇಳಗಳಲ್ಲಿ ಮೊದಲಿನಿಂದ ಬಂದ ಧಾಟಿಯಾ, ಸ್ವಂತ ಧಾಟಿಯಾ, ಅಶ್ವಥ್ ಅವರದ್ದಾ ಎಂದು ಒಂದೊಂದು ಹಾಡಿಗೂ ಕೂತು ಕೇಳಿ. ಬೇಂದ್ರೆ, ಕುವೆಂಪು ಕವಿತೆ ಹಾಡಿದ್ದರೆ ಕವಿತೆಗೇ ಅನುಮತಿ ಬೇಕು. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ. ಶೋನಲ್ಲಿ ಹಾಡಿದಾಗ ಯಾರೂ ಕೇಳಿರಲಿಕ್ಕಿಲ್ಲ. ಬಿಡುಗಡೆ ಮಾಡಿದ ಮೇಲೆ ಉತ್ತರ ಕೊಡಬೇಕಾದವರು ನೀವು.

ದುಡ್ಡು ಎಲ್ಲಿಂದ? ಸ್ಟ್ರೀಮಿಂಗ್‌ನಿಂದ ಬೇಗ ಬರುತ್ತದೆ ಎಂದು ನಂಬಬೇಡಿ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಸ್ಟ್ರೀಮ್ ಆಗದ ರೆಕಾರ್ಡಿಂಗ್ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಸ್ಟ್ರೀಮಿಂಗ್ ಬೇಕು, ಜನ ಹುಡುಕುವುದು ಅಲ್ಲೇ. ದುಡ್ಡು ಮಾತ್ರ ಶೋ ಮುಗಿದ ಮೇಲೆ ಮೇಜಿನ ಮೇಲಿಟ್ಟು ಮಾರುವ ಟೀ ಶರ್ಟ್, ಕ್ಯಾಸೆಟ್, ಹಾಡಿನ ಸಾಲು ಇರುವ ಪುಟ್ಟ ಪುಸ್ತಕಗಳಿಂದ ಬರುತ್ತದೆ. ಸಿನಿಮಾ, ಜಾಹೀರಾತಿಗೆ ಹಾಡು ಕೊಟ್ಟರೂ ಬರುತ್ತದೆ. ಕಲಾವಿದರು ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಡಿಜಿಟಲ್ ಮಾರಾಟಕ್ಕೆ 15 ಶೇಕಡಾ, ವಸ್ತುಗಳಿಗೆ 10 ಶೇಕಡಾ ಅವರು ಇಟ್ಟುಕೊಂಡು, ಪಾವತಿ ಶುಲ್ಕವನ್ನೂ ಕಳೆದು, ಉಳಿದದ್ದನ್ನು ಕೊಡುತ್ತಾರೆ. ಹೊರದೇಶದ ಕನ್ನಡಿಗರಿಗೆ ಮಾರಲು ಅದು ಒಳ್ಳೆಯ ದಾರಿ.

ಲೆಕ್ಕ ಹೇಗಿರಬೇಕು ಎನ್ನುವುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಮಿಕ್ಸಿಂಗ್, ಮಾಸ್ಟರಿಂಗ್, ಕವರ್ ಚಿತ್ರ, ಕ್ಯಾಸೆಟ್ ಎಲ್ಲ ಸೇರಿ ಲೇಬಲ್ 80,000 ರೂಪಾಯಿ ಹಾಕಿತು ಅನ್ನಿ. ಮೊದಲ ವರ್ಷ 55,000 ಬಂತು. ಇನ್ನೂ 25,000 ಬಾಕಿ, ಯಾರಿಗೂ ಪಾಲಿಲ್ಲ. ಎರಡನೆಯ ವರ್ಷ 45,000 ಬಂತು. ಅದರಲ್ಲಿ 25,000 ಹಳೆಯ ಖರ್ಚಿಗೆ ಹೋಗಿ 20,000 ಉಳಿಯಿತು. ಬ್ಯಾಂಡ್‌ಗೆ 10,000, ಲೇಬಲ್‌ಗೆ 10,000. ಮೊತ್ತ ಸಣ್ಣದು. ಆದರೆ ಎರಡೂ ವರ್ಷ ಆರು ತಿಂಗಳಿಗೊಮ್ಮೆ ಈ ಲೆಕ್ಕದ ಹಾಳೆ ಬ್ಯಾಂಡ್‌ನ ಕೈ ಸೇರಿರಬೇಕು. ದುಡ್ಡು ಬರದ ಆರು ತಿಂಗಳಲ್ಲೂ ಕಳಿಸಿ. ಬ್ಯಾಂಡ್‌ನವರಿಗೆ ಅನುಮಾನ ಹುಟ್ಟುವುದು ಲೆಕ್ಕ ಬಾರದಿದ್ದಾಗ. ಯಾವ ಖರ್ಚು ಈ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನೂ ಮೊದಲೇ ಬರೆಯಿರಿ. ನಿಮ್ಮ ಪೆಟ್ರೋಲ್, ಫೋನ್ ಬಿಲ್ ಅದರಲ್ಲಿ ಸೇರಿಸಬೇಡಿ.

ಲೇಬಲ್ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಇದು ನನ್ನ ಎಲ್ಲ ಸಲಹೆಗಳಲ್ಲಿ ಮೊದಲನೆಯದು. ಮನೆ ಬಾಡಿಗೆ ಕಟ್ಟುವ ಖಾತೆಗೆ ಬ್ಯಾಂಡ್‌ನ ದುಡ್ಡು ಬಂದರೆ, ಎಷ್ಟೇ ಒಳ್ಳೆಯವರಾದರೂ ಒಂದು ತಿಂಗಳು ಅದು ಬಾಡಿಗೆಗೆ ಹೋಗುತ್ತದೆ. ಕೆಲಸ ಬಿಡಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ನಿಮ್ಮ ಊಟದ ಖರ್ಚು ಲೇಬಲ್‌ನ ಮೇಲೆ ಬೀಳಬಾರದು. ಮೂರು ಲಕ್ಷದಲ್ಲಿ ಎರಡು ಲಕ್ಷ ಮುಟ್ಟದೆ ಇಡಿ, ಒಂದು ಲಕ್ಷದೊಳಗೆ ಒಂದು ಬಿಡುಗಡೆ ಮಾಡಿ.

ನಮ್ಮಲ್ಲೂ ಈ ದಾರಿಯಲ್ಲಿ ನಡೆದವರಿದ್ದಾರೆ. ಮುಂಬೈನ ಮೆಟಲ್ ಬ್ಯಾಂಡ್ ಡೆಮಾನಿಕ್ ರಿಸರೆಕ್ಷನ್‌ನ ಸಾಹಿಲ್ ಮಖೀಜಾ ಡೆಮಾನ್‌ಸ್ಟೀಲರ್ ರೆಕಾರ್ಡ್ಸ್ ನಡೆಸಿದರು. ಪೆಂಟಾಗ್ರಾಂ ಬ್ಯಾಂಡ್‌ನಲ್ಲಿ ಹಾಡುತ್ತಿದ್ದ ವಿಶಾಲ್ ದದ್ಲಾನಿ, ಜೊತೆಗಾರ ಶೇಖರ್ ರವಜಿಯಾನಿ ಸೇರಿ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಶುರು ಮಾಡಿದರು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ತಂದದ್ದು ಆ ಲೇಬಲ್. ಕನ್ನಡ ಪದಗಳನ್ನು ದೇಶದ ಉದ್ದಗಲಕ್ಕೂ, ಹೊರದೇಶದ ವೇದಿಕೆಗಳಿಗೂ ಕೊಂಡೊಯ್ದ ಕಲಾವಿದರನ್ನು ಮೊದಲು ಗುರುತಿಸಿ ದುಡ್ಡು ಹಾಕಿದವರು ಬ್ಯಾಂಡ್‌ನಿಂದ ಬಂದವರೇ ಅಲ್ವಾ?

ಲೇಬಲ್ ಎಂದರೆ ಜೀವನಪೂರ್ತಿ ನಡೆಸಲೇಬೇಕು ಅಂತಲೂ ಇಲ್ಲ. ಸುನಾಮಿ ಎಂಬ ಬ್ಯಾಂಡ್‌ನ ಜೆನ್ನಿ ಟೂಮಿ ಮತ್ತು ಕ್ರಿಸ್ಟಿನ್ ಥಾಂಪ್ಸನ್ 1990ರಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಸಿಂಪಲ್ ಮಷೀನ್ಸ್ ಶುರು ಮಾಡಿದರು. ರೆಕಾರ್ಡ್ ಹೊರತರುವುದು ಹೇಗೆ ಎಂದು ತಾವು ಕಲಿತದ್ದನ್ನೆಲ್ಲ ಒಂದು ಪುಟ್ಟ ಕೈಪಿಡಿಯಲ್ಲಿ ಬರೆದು, ಕೇಳಿದವರಿಗೆಲ್ಲ ಅಂಚೆಯಲ್ಲಿ ಕಳಿಸಿದರು. 1998ರಲ್ಲಿ ತಾವಾಗಿಯೇ ನಿಲ್ಲಿಸಿದರು. ಆಮೇಲೆ ಇಬ್ಬರೂ ಸಂಗೀತಗಾರರ ಹಕ್ಕುಗಳ ಪರವಾಗಿ ಕೆಲಸ ಮಾಡಿದರು. ನಿಮ್ಮ ಅಗ್ರಿಮೆಂಟ್ ಹಾಳೆಯಲ್ಲೂ ಒಂದು ಸಾಲು ಇರಲಿ: ಲೇಬಲ್ ನಿಂತರೆ ಎಲ್ಲ ಹಕ್ಕುಗಳೂ, ಉಳಿದ ಪ್ರತಿಗಳೂ ಬ್ಯಾಂಡ್‌ಗೆ ವಾಪಸ್.

ಮೊದಲು ಯಾರ ಆಲ್ಬಂ ಎಂದು ಕೇಳಿದ್ದೀರಿ. ನಿಮ್ಮ ಬ್ಯಾಂಡ್‌ದೇ ತನ್ನಿ. ಹತ್ತು ವರ್ಷದ ಹಾಡುಗಳಲ್ಲಿ ನಾಲ್ಕನ್ನು ಆರಿಸಿ ಸಣ್ಣದಾಗಿ ಬಿಡುಗಡೆ ಮಾಡಿ. ಬೆಂಗಳೂರಿಗೆ ಹೋದ ಗಾಯಕರ ಸಹಿಯನ್ನೂ ಹಾಕಿಸಿಕೊಳ್ಳಿ. ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಹಾಡು ಮುಟ್ಟಿಸುವ ಡಿಸ್ಟ್ರಿಬ್ಯೂಟರ್‌ಗೆ ಹಾಡು ಹಾಕುವಾಗ ಹೆಸರಿನ ಕಾಗುಣಿತ ತಪ್ಪುವುದು, ಕವರ್ ತಿರಸ್ಕೃತವಾಗುವುದು, ದುಡ್ಡು ತಡವಾಗುವುದು, ಇದೆಲ್ಲ ಮೊದಲ ಸಲ ಆಗಿಯೇ ಆಗುತ್ತದೆ. ಅದು ನಿಮ್ಮ ಹಾಡಿನ ಮೇಲೆ ಆಗಲಿ, ಆ ಹುಡುಗರ ಮೊದಲ ಆಲ್ಬಂ ಮೇಲೆ ಬೇಡ. ಆರು ತಿಂಗಳಾದ ಮೇಲೆ ನಿಮ್ಮ ಬ್ಯಾಂಡ್‌ನವರಿಗೆ ಕೊಟ್ಟ ಲೆಕ್ಕದ ಹಾಳೆಯನ್ನೇ ಆ ಮೂರು ಬ್ಯಾಂಡ್‌ಗಳಿಗೂ ತೋರಿಸಿ. ಆಮೇಲೆ ಸ್ವಂತ ಹಾಡುಗಳಿರುವ ಎರಡರಲ್ಲಿ ಒಂದನ್ನು ತೆಗೆದುಕೊಳ್ಳಿ. ಶರೀಫರ ಪದಗಳ ಬ್ಯಾಂಡ್ ಮೂರನೆಯದಾಗಿರಲಿ, ಅದರ ಧಾಟಿಗಳನ್ನು ವಿಚಾರಿಸಿ ಅನುಮತಿ ತರಲು ಅಷ್ಟು ಸಮಯ ಬೇಕಾಗುತ್ತದೆ.